ಹಸನಾಕ ಮತ್ತು ಬಿಸಿಯಾಗದ ಆರು ರೇಡಿಯೇಟರುಗಳು

ಹಸನಾಕ ತಮ್ಮ ಅಂಗೈಯನ್ನು ನಂಬುತ್ತಿರಲಿಲ್ಲ, ಕೆನ್ನೆಯನ್ನು ನಂಬುತ್ತಿದ್ದರು. ಮೂವತ್ತು ವರ್ಷ ತಾಮ್ರದ ಪೈಪುಗಳಿಗೆ ಬೆಸುಗೆ ಹಾಕಿ ಹಾಕಿ ಅವರ ಅಂಗೈ ಚಪ್ಪಲಿಯ ಅಟ್ಟೆಯಂತಾಗಿತ್ತು. ಬಿಸಿಯೋ ತಣ್ಣಗೋ ಅದಕ್ಕೆ ತಿಳಿಯುತ್ತಿರಲಿಲ್ಲ. ಹಾಗಾಗಿ ಎ.ಸಿ. ಇರಲಿ, ಫ್ರಿಜ್ ಇರಲಿ, ಪೈಪಿಗೆ ಎಡಗೆನ್ನೆ ಒತ್ತಿ, ಕಣ್ಣು ಮುಚ್ಚಿ ಒಂದು ನಿಮಿಷ ಸುಮ್ಮನೆ ನಿಲ್ಲುವರು. ಆಮೇಲೆ ತೀರ್ಪು: "ಇದಕ್ಕೆ ಗ್ಯಾಸ್ ಕಮ್ಮಿ ಉಂಟು." ನನ್ನ ಎಂಟು ವರ್ಷದ ಮಗಳು ಹಫ್ಸಾ ಅವರಂತೆಯೇ ಗೋಡೆಗೆ ಕೆನ್ನೆ ಒತ್ತಿ ನಿಂತು "ಇದಕ್ಕೆ ಗ್ಯಾಸ್ ಕಮ್ಮಿ ಉಂಟು" ಎಂದು ಅಣಕಿಸುತ್ತಿದ್ದಳು. ಹಸನಾಕ ನಗುತ್ತಿರಲಿಲ್ಲ. "ಸರಿಯಾಗಿ ಒತ್ತು ಮಗಾ, ಮೂಗು ಅಡ್ಡ ಬರ್ತದೆ" ಎಂದು ಪಾಠ ಹೇಳಿಕೊಡುತ್ತಿದ್ದರು.

ಪಾಸ್‌ಪೋರ್ಟಿನಲ್ಲಿ ಅವರು ಹಸನಬ್ಬ, ವಿಟ್ಲದ ಕಡೆಯ ಬ್ಯಾರಿ, ಇಲ್ಲಿ ಎ.ಸಿ. ಮೆಕ್ಯಾನಿಕ್. ನಾನು ಭಟ್ಕಳದವನು, ಖಮೀಸ್ ಮುಶೈತಿನಲ್ಲಿ ಪಾತ್ರೆ ಅಂಗಡಿ ನಡೆಸುವವನು. ಅವರ ಬ್ಯಾರಿ ಮಾತು ನನಗೆ ಬಾರದು, ನನ್ನ ನವಾಯತಿ ಅವರಿಗೆ ಬಾರದು. ಹಾಗಾಗಿ ಸೌದಿಯ ಬೆಟ್ಟದ ಮೇಲಿನ ಈ ಊರಿನಲ್ಲಿ ನಾವಿಬ್ಬರೂ ಕನ್ನಡದಲ್ಲಿ ಜಗಳವಾಡುತ್ತಿದ್ದೆವು. ನನ್ನನ್ನು ಅವರು "ಸಾಹೇಬ್ರೇ" ಎನ್ನುತ್ತಿದ್ದರು. ಅದರಲ್ಲಿ ಮರ್ಯಾದೆ ಎಷ್ಟು, ಗೇಲಿ ಎಷ್ಟು ಎಂದು ಬೇರ್ಪಡಿಸುವುದು ಕಷ್ಟವಿತ್ತು.

ಅವರ ಕೆಲಸಕ್ಕೆ ಒಂದೇ ಷರತ್ತು, ಚಹಾ. ಬಿಸಿ ನೀರಿಗೆ ಚೀಲ ಮುಳುಗಿಸಿ ಕೊಡುವ ಚಹಾ ಅವರ ಲೆಕ್ಕದಲ್ಲಿ ಚಹಾವೇ ಅಲ್ಲ. ಶುಂಠಿ ಜಜ್ಜಿ, ಏಲಕ್ಕಿ ಹಾಕಿ, ಹಾಲು ಸೇರಿಸಿ ಕಾಲು ಗಂಟೆಯಾದರೂ ಒಲೆಯ ಮೇಲೆ ಕೊತಕೊತ ಕುದಿಯಬೇಕು. "ಚಾ ಕುಡಿಯದೆ ಸ್ಪ್ಯಾನರ್ ಮುಟ್ಟಿದ್ರೆ ನಟ್ಟು ಕೂಡಾ ಮಾತು ಕೇಳುದಿಲ್ಲ" ಎಂಬುದು ಅವರ ಸಿದ್ಧಾಂತ. ಒಮ್ಮೆ ಒಬ್ಬ ಸೌದಿಯ ಮನೆಯಲ್ಲಿ ಎ.ಸಿ. ಬಿಚ್ಚಿ ನೆಲದ ಮೇಲೆ ಹರಡಿಟ್ಟು, ಅವನು ಕೊಟ್ಟ ಕಹ್ವಾ ಎಂಬ ಅರಬ್ಬಿ ಕಾಫಿಯನ್ನು ಮೂರು ಬಟ್ಟಲು ಕುಡಿದು ಮುಗಿಸಿ, "ಒಂದು ಸಾಮಾನು ತರಬೇಕು" ಎಂದು ಹೇಳಿ ನೇರ ನಮ್ಮ ಮನೆಗೆ ಬಂದಿದ್ದರು. ಆ ಸಾಮಾನು ನನ್ನ ಹೆಂಡತಿ ಸುಮಯ್ಯಾ ಮಾಡುವ ಚಹಾ. ಕುಡಿದು ಲೋಟ ತೊಳೆದಿಟ್ಟು ಹೋದರು. ಎಲ್ಲೇ ಕುಡಿದರೂ ಲೋಟ ಅವರೇ ತೊಳೆಯಬೇಕು, ಅದೂ ಒಂದು ಹಠ.

ಸೌದಿಯಲ್ಲಿ ಚಳಿ ಎಂದರೆ ಊರಿನವರು ನಗುತ್ತಾರೆ. ನಾವೂ ಕಡಲತೀರದ ದಮ್ಮಾಮಿನಲ್ಲಿದ್ದಾಗ ನಗುತ್ತಿದ್ದೆವು. ಮೂರು ವರ್ಷದ ಹಿಂದೆ ಅಂಗಡಿಗಾಗಿ ಖಮೀಸಿಗೆ ಬಂದ ಮೇಲೆ ನಗು ನಿಂತಿತು. ಇಲ್ಲಿ ಜನವರಿಯಲ್ಲಿ ಸಿಮೆಂಟಿನ ಗೋಡೆ ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ. ಹಫ್ಸಾಳಿಗೆ ಚಳಿ ಬಿತ್ತೆಂದರೆ ಉಬ್ಬಸ. ಎದೆಯೊಳಗಿನ ಆ ಸುಯ್ಯೆಂಬ ಸದ್ದು ಕೇಳಿದ ತಂದೆತಾಯಿಗೆ ನಿದ್ದೆ ಬರುವುದಿಲ್ಲ. ಕರೆಂಟಿನ ಸರಳು ಹೀಟರ್ ಹಾಕಿದರೆ ಗಾಳಿ ಒಣಗಿ ಕೆಮ್ಮು ಇನ್ನೂ ಜೋರಾಗುತ್ತಿತ್ತು. ಎರಡು ಚಳಿಗಾಲ ಸಹಿಸಿದ ಸುಮಯ್ಯಾ ಮೂರನೆಯದರ ಬಾಗಿಲಲ್ಲಿ ನಿಂತು ಸ್ಪಷ್ಟವಾಗಿ ಹೇಳಿದಳು: ಮನೆ ಬೆಚ್ಚಗಾಗದಿದ್ದರೆ ಮಗಳ ಪರೀಕ್ಷೆ ಮುಗಿದ ಮರುದಿನ ಅವಳನ್ನು ಕರೆದುಕೊಂಡು ಭಟ್ಕಳಕ್ಕೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ. ಅವಳು ಹೆದರಿಸುವ ಪೈಕಿಯಲ್ಲ, ಹೇಳಿದ್ದನ್ನು ಮಾಡುವವಳು.

ಮನೆಯ ಮಾಲೀಕನನ್ನು ಒಪ್ಪಿಸಿ ಬಿಸಿನೀರಿನ ರೇಡಿಯೇಟರ್ ಹಾಕಿಸುವುದೆಂದು ತೀರ್ಮಾನಿಸಿದೆ. ತಾರಸಿಯ ಕೋಣೆಯಲ್ಲಿ ಗ್ಯಾಸ್ ಬಾಯ್ಲರ್, ಅಲ್ಲಿಂದ ಪೈಪಿನಲ್ಲಿ ಬಿಸಿನೀರು, ಕೋಣೆ ಕೋಣೆಗೆ ಒಂದರಂತೆ ಗೋಡೆಯ ಮೇಲೆ ಬಿಳಿಯ ಕಬ್ಬಿಣದ ಹಲಗೆ. ಹಸನಾಕನನ್ನು ಬಿಟ್ಟು ಬೇರೆ ಯಾರನ್ನೂ ಕೇಳಲಿಲ್ಲ. "ತಂಪು ಮಾಡ್ಲಿಕ್ಕೆ ಬರುವವನಿಗೆ ಬಿಸಿ ಮಾಡ್ಲಿಕ್ಕೆ ಬರ್ಲಿಕ್ಕಿಲ್ವಾ? ಪೈಪ್ ಅದೇ, ನೀರು ಅದೇ" ಎಂದರು. ಹತ್ತು ದಿನ ತಪಸ್ಸಿನಂತೆ ದುಡಿದು ಆರು ರೇಡಿಯೇಟರ್ ಕೂರಿಸಿದರು. ಮನೆ ಎಷ್ಟು ಬೆಚ್ಚಗಿದೆ ಎಂದು ನೋಡಿ ಬಾಯ್ಲರನ್ನು ಹಚ್ಚುವ, ಆರಿಸುವ ಥರ್ಮೋಸ್ಟಾಟ್ ಎಂಬ ಚಿಕ್ಕ ಡಬ್ಬಿಯೊಂದು ಉಳಿದಿತ್ತು. ಅದು ತನ್ನ ಕಣ್ಣೆದುರಿಗಿರಲಿ, ಅಡುಗೆಮನೆಯಲ್ಲೇ ಹಾಕಿ ಎಂದಳು ಸುಮಯ್ಯಾ. ಹಸನಾಕ ಒಲೆಯ ಪಕ್ಕದ ಗೋಡೆಯನ್ನು ತಟ್ಟಿ ನೋಡಿ, "ಒಳ್ಳೆ ಜಾಗ" ಎಂದು ಅಲ್ಲೇ ಮೊಳೆ ಹೊಡೆದರು.

ರೇಡಿಯೇಟರುಗಳು ಬಿಸಿಯಾಗಲಿಲ್ಲ.

ಫೋನ್ ಮಾಡಿದೆ. ಬಂದರು, ಚಹಾ ಕುಡಿದರು, ಆರಕ್ಕೂ ಕೆನ್ನೆ ಕೊಟ್ಟರು. "ಹೊಟ್ಟೆಯಲ್ಲಿ ಗಾಳಿ ತುಂಬಿದೆ" ಎಂದರು. ಪ್ರತಿಯೊಂದರ ಮೂಲೆಯ ಪುಟ್ಟ ತಿರುಪನ್ನು ಸಡಿಲಿಸಿದಾಗ ಸುಸ್ ಎಂದು ಗಾಳಿ ಹೊರಟು, ಕೊನೆಗೆ ನೀರು ಚಿಮ್ಮಿತು. ಎರಡನೆಯ ಸಲ ಬಂದರು, ಚಹಾ ಕುಡಿದರು, ಮಲಗುವ ಕೋಣೆಯ ವಾಲ್ವ್ ಒಂದು ಪೂರ್ತಿ ತೆರೆದಿಲ್ಲವೆಂದು ಕಂಡುಹಿಡಿದರು. ಮೂರನೆಯ ಸಲ ಬಂದರು, ಎರಡು ಲೋಟ ಕುಡಿದರು, ಪಂಪನ್ನೇ ಬಿಚ್ಚಿ ಕೂರಿಸಿದರು. ಪ್ರತಿ ಸಲವೂ ದೋಷ ಸಿಗುತ್ತಿತ್ತು, ಬಿಸಿ ಮಾತ್ರ ಸಿಗುತ್ತಿರಲಿಲ್ಲ. ಮನೆ ತಣ್ಣಗಿದೆಯೆಂದು ಸುಮಯ್ಯಾ ಬೆಳಗಿನಿಂದ ಒಲೆಯ ಮೇಲೊಂದು ದೊಡ್ಡ ಪಾತ್ರೆ ನೀರು ಕುದಿಯಲು ಇಟ್ಟು, ಮಗಳನ್ನು ಅಡುಗೆಮನೆಯಲ್ಲೇ ಕೂರಿಸಿ ಓದಿಸುತ್ತಿದ್ದಳು. ಬೆಂಕಿ ಉರಿಸಿಟ್ಟು ಮಲಗಬಾರದೆಂಬುದು ನಮ್ಮಲ್ಲಿ ಮಕ್ಕಳಿಗೂ ಗೊತ್ತಿರುವ ಮಾತಾದ್ದರಿಂದ ರಾತ್ರಿ ಒಲೆಯೂ ಬಂದ್, ಬಾಯ್ಲರೂ ಬಂದ್.

ಒಂದು ಸಂಜೆ ಹಫ್ಸಾಳ ಉಬ್ಬಸ ಹೆಚ್ಚಾಗಿ ಆಸ್ಪತ್ರೆಗೆ ಓಡಿದೆವು. ಮೂಗಿಗೆ ಆವಿಯ ಮುಖವಾಡ ಹಾಕಿಕೊಂಡು ಕೂತ ಮಗಳ ಬೆನ್ನನ್ನು ಸುಮಯ್ಯಾ ಸವರುತ್ತಿದ್ದಳು. ಮರುದಿನ ಶಾಲೆಗೆ ಹೋಗಿ ಟಿ.ಸಿ.ಗೆ ಅರ್ಜಿ ಕೊಟ್ಟು ಬಂದಳು. ಅದೇ ದಿನ ಹಸನಾಕ ಬಂದಾಗ ವಿಷಯ ತಿಳಿಸಿದೆ. ಕೈಯಲ್ಲಿದ್ದ ಲೋಟವನ್ನು ಕೆಳಗಿಟ್ಟರು. ಅವರು ಅರ್ಧ ಚಹಾ ಬಿಟ್ಟದ್ದನ್ನು ನಾನು ನೋಡಿದ್ದು ಅದೊಂದೇ ಸಲ.

"ಸಾಹೇಬ್ರೇ, ಹಾಗೆ ಮಾಡ್ಬೇಡಿ. ನನ್ನ ಮೂರು ಮಕ್ಕಳು ದೊಡ್ಡವರಾದದ್ದು ಫೋನಿನಲ್ಲಿ. ದೊಡ್ಡ ಮಗನಿಗೆ ಮೀಸೆ ಬಂದದ್ದು ನನಗೆ ಫೋಟೋದಲ್ಲಿ ಗೊತ್ತಾದದ್ದು. ಊರಿಗೆ ಹೋದ್ರೆ ಹೆಂಡತಿ ನನಗೆ ಒಳ್ಳೆ ಪಿಂಗಾಣಿ ಪ್ಲೇಟ್ ತೆಗೆದು ಇಡ್ತಾಳೆ, ನೆಂಟರಿಗೆ ಇಟ್ಟ ಹಾಗೆ. ಸುಮಯ್ಯಾ ತಂಗಿಗೆ ಸ್ವಲ್ಪ ದಿನ ತಾಳ್ಲಿಕ್ಕೆ ಹೇಳಿ. ಈ ಮೆಷಿನ್ ಉಂಟಲ್ಲ, ಇದನ್ನು ನಾನು ಬಿಡುದಿಲ್ಲ."

ಅಷ್ಟರಲ್ಲಿ ರಂಜಾನ್ ಬಂತು. ಮೊದಲ ಉಪವಾಸದ ದಿನ ಮಧ್ಯಾಹ್ನದ ನಮಾಜು ಮುಗಿಸಿ, ಕರೆಯದೆಯೇ ಹಸನಾಕ ಹಾಜರಾದರು. ಸುಮಯ್ಯಾ ಬೇಸತ್ತು ವಾರದಿಂದ ಬಾಯ್ಲರ್ ಹಚ್ಚಿರಲಿಲ್ಲ. ತಾರಸಿಗೆ ಹೋಗಿ ಅವರೇ ಹಚ್ಚಿದರು. ಆ ದಿನ ಚಹಾ ಇಲ್ಲ. ನೀರಿನ ಪಾತ್ರೆಯೂ ಇಲ್ಲ, ಬೆಳಗಿನ ಜಾವದ ಊಟದ ಬಳಿಕ ಅಡುಗೆಮನೆಗೆ ಯಾರೂ ಕಾಲಿಟ್ಟಿರಲಿಲ್ಲ. ನಾವಿಬ್ಬರೂ ಹಾಲ್‌ನಲ್ಲಿ ಒಣ ಬಾಯಲ್ಲಿ ಕೂತೆವು. ಮುಕ್ಕಾಲು ಗಂಟೆಯ ಮೇಲೆ ಎದ್ದು, ಎಂದಿನಂತೆ ರೇಡಿಯೇಟರಿಗೆ ಕೆನ್ನೆ ಒತ್ತಿದವರು "ಅಲ್ಲಾಹ್" ಎಂದು ಹಿಂದಕ್ಕೆ ಹಾರಿದರು. ಎಡಗೆನ್ನೆ ಕೆಂಪಾಗಿತ್ತು. ಆರಕ್ಕೆ ಆರೂ ಕಾದು ಕೂತಿದ್ದವು. ಹಫ್ಸಾ ಸ್ವೆಟರ್ ಬಿಚ್ಚಿ ಎಸೆದು ಕೋಣೆಯಿಂದ ಕೋಣೆಗೆ ಓಡಿದಳು.

ನಾನು ಅವರನ್ನು ತಬ್ಬಿಕೊಳ್ಳಲು ಹೋದೆ. "ಇರಿ" ಎಂದರು. "ನಾನು ಎಂತ ಮಾಡ್ಲಿಲ್ಲ. ಮಾಡದೆ ಸರಿ ಆದದ್ದು ಹೇಳದೆ ಕೆಡ್ತದೆ." ಹೋಗಲೊಪ್ಪದೆ ಕೂತೇ ಇದ್ದರು.

ಇಳಿಹೊತ್ತಿನ ಅಸರ್ ನಮಾಜಿನ ಬಳಿಕ ಸುಮಯ್ಯಾ ಇಫ್ತಾರಿನ ತಯಾರಿಗೆ ಇಳಿದಳು. ಒಂದು ಒಲೆಯಲ್ಲಿ ಗಂಜಿ, ಇನ್ನೊಂದರಲ್ಲಿ ಎಣ್ಣೆ ಕಾದು ಸಮೋಸ. ಸ್ವಲ್ಪ ಹೊತ್ತಿಗೆ ಹಾಲ್‌ನ ರೇಡಿಯೇಟರ್ ಉಗುರುಬೆಚ್ಚಗಾಯಿತು, ಆಮೇಲೆ ತಣ್ಣಗಾಯಿತು. ಹಸನಾಕ ಸುಡದಿದ್ದ ಬಲಗೆನ್ನೆಯಲ್ಲಿ ಒಂದೊಂದನ್ನೇ ಪರೀಕ್ಷಿಸುತ್ತಾ ಹಾಲ್, ಕೋಣೆ, ಪಡಸಾಲೆ ದಾಟಿ ಅಡುಗೆಮನೆಯ ಬಾಗಿಲಿಗೆ ಬಂದರು. ಅಲ್ಲಿ ಕಾದ ಎಣ್ಣೆಯ ಝಳ. ಆ ಝಳದ ನಡುವೆ, ಒಲೆಯಿಂದ ಮೊಳ ದೂರದಲ್ಲಿ, ಅವರೇ ಮೊಳೆ ಹೊಡೆದ ಡಬ್ಬಿ. ಅದನ್ನು ನೋಡುತ್ತಾ ಬಾಗಿಲಿಗೆ ಒರಗಿ ನಿಂತರು.

"ತಂಗೀ, ಗ್ಯಾಸ್ ಬಂದ್ ಮಾಡ್ಬೇಡಿ, ನೀವು ಕಾಯಿಸಿ. ತಪ್ಪು ನಿಮ್ಮದಲ್ಲ, ನನ್ನದು" ಎಂದರು. ಆಮೇಲೆ ನನ್ನ ಕಡೆ ತಿರುಗಿದರು. "ಮೂವತ್ತು ವರ್ಷ ತಂಪು ಮಾಡಿದವ ನಾನು. ಎ.ಸಿ.ಗೆ ಈ ಡಬ್ಬಿಯನ್ನು ಸ್ವಲ್ಪ ಸೆಕೆ ಇರುವಲ್ಲಿ ಇಟ್ರೆ ಮೆಷಿನ್ ನಿಲ್ಲದೆ ಓಡ್ತದೆ, ಮನೆಯವ್ರು ಖುಷಿ ಆಗ್ತಾರೆ. ಅದೇ ಬುದ್ಧಿ ಇಲ್ಲಿ ಓಡಿಸಿದೆ. ಒಲೆ ಹೊತ್ತಿಸಿದ ಕೂಡ್ಲೇ ಇದು ಇಡೀ ಮನೆ ಬೆಚ್ಚಗಾಯ್ತು ಅಂತ ತಿಳ್ಕೊಂಡು ಬಾಯ್ಲರನ್ನು ಮಲಗಿಸ್ತದೆ. ನಾನು ಬಂದಾಗೆಲ್ಲ ನನ್ನ ಚಾಕ್ಕೆ ಕಾಲು ಗಂಟೆ ಒಲೆ ಉರಿದದ್ದು. ನಾನೇ ಆರಿಸುದು, ನಾನೇ ಹುಡುಕುದು."

ಸುಮಯ್ಯಾ ಜಾಲರಿ ಸೌಟನ್ನು ಕೈಯಲ್ಲಿ ಹಿಡಿದುಕೊಂಡೇ ನಗತೊಡಗಿದಳು. ಆ ಚಳಿಗಾಲದಲ್ಲಿ ಅವಳು ಮನಸಾರೆ ನಕ್ಕದ್ದು ಅದೇ ಮೊದಲು. ತಪ್ಪು ತನ್ನದೆಂದು ಇಷ್ಟು ಸಲೀಸಾಗಿ ಒಪ್ಪಿಕೊಂಡ ಕೆಲಸಗಾರನನ್ನು ನಾನು ಅದುವರೆಗೆ ಕಂಡಿರಲಿಲ್ಲ, ಅಂಗಡಿಯವನಾದ ನಾನೂ ಎಂದೂ ಒಪ್ಪಿಕೊಂಡವನಲ್ಲ.

ಇಫ್ತಾರ್ ಮುಗಿಸಿ ಡಬ್ಬಿಯನ್ನು ಕಿತ್ತು ಹಫ್ಸಾಳ ಕೋಣೆಯ ಗೋಡೆಗೆ ಹಾಕಿದರು. "ಇನ್ನು ಈ ಮನೆಯಲ್ಲಿ ಇವಳಿಗೆ ಚಳಿ ಆದ್ರೆ ಮಾತ್ರ ಮೆಷಿನಿಗೆ ಚಳಿ" ಎಂದರು. ಆಮೇಲೆ ಮೂರು ಲೋಟ ಚಹಾ ಕುಡಿದು ಮೂರು ಸಲ ಲೋಟ ತೊಳೆದರು. ಆ ರಂಜಾನ್ ಪೂರ್ತಿ ಮಗಳ ಎದೆಯಲ್ಲಿ ಸುಯ್ಯೆಂಬ ಸದ್ದು ಕೇಳಲಿಲ್ಲ. ಹಬ್ಬಕ್ಕೆ ಎರಡು ದಿನ ಮೊದಲು ಸುಮಯ್ಯಾ ಶಾಲೆಗೆ ಹೋಗಿ ಟಿ.ಸಿ.ಯ ಅರ್ಜಿ ವಾಪಸ್ ತೆಗೆದುಕೊಂಡಳು. ಹಬ್ಬದ ಶಾವಿಗೆ ಬಿರಿಯಾನಿಯ ಮೊದಲ ತಟ್ಟೆ ಹಸನಾಕನಿಗೆ.

ಹಬ್ಬವಾಗಿ ಮೂರು ತಿಂಗಳಿಗೆ ಅವರು ಸೌದಿ ಬಿಟ್ಟು ಊರಿಗೇ ಮರಳುವ ಫೈನಲ್ ಎಕ್ಸಿಟ್ ಹಾಕಿಸಿಕೊಂಡರು. ನಮ್ಮನ್ನು ಉಳಿಸಿಟ್ಟು ತಾವು ಹೊರಟುಬಿಟ್ಟರು. ಪಕ್ಕದ ಊರು ಅಬಹಾದ ವಿಮಾನ ನಿಲ್ದಾಣಕ್ಕೆ ನಾನೇ ಬಿಟ್ಟುಬಂದೆ. ದಾರಿಯುದ್ದಕ್ಕೂ ಬಾಯ್ಲರಿನ ನೀರು ಯಾವಾಗ ಬದಲಿಸಬೇಕು, ಗಾಳಿ ಹೇಗೆ ತೆಗೆಯಬೇಕು ಎಂದೇ ಮಾತು. ಒಳಗೆ ಹೋಗುವ ಮುಂಚೆ ಮಾತ್ರ ಸ್ವಲ್ಪ ತಡೆದರು. "ಊರಲ್ಲಿ ದಿನಾ ಇರ್ಲಿಕ್ಕೆ ನನಗೆ ಬರ್ತದಾ ಸಾಹೇಬ್ರೇ?" ಎಂದು ಕೇಳಿದರು. ಯಲ್ಲಾ, ಹೊರಡಿ, ಹೊತ್ತಾಯ್ತು ಎಂದು ಬೆನ್ನು ತಟ್ಟಿ ಕಳಿಸಿದೆ.

ಅವರಿಲ್ಲದ ಮೊದಲ ಚಳಿಗಾಲ ಇದು. ಮೊನ್ನೆ ನಾನೇ ಫೋನ್ ಮಾಡಿ ಹೇಗಿದ್ದೀರಿ ಎಂದು ಕೇಳಿದೆ. ಆ ಕಡೆ ಪಾತ್ರೆಗಳ ಸದ್ದು, ಒಗ್ಗರಣೆಯ ಸದ್ದು.

"ಎಂತ ಹೇಳುದು ಸಾಹೇಬ್ರೇ. ಬೆಳಿಗ್ಗೆಯಿಂದ ಇವಳ ಅಡುಗೆಮನೆಯಲ್ಲೇ ಕೂತಿದ್ದೇನೆ. ಎಲ್ಲಿ ಕೂತ್ರೂ ಅವಳಿಗೆ ಅಡ್ಡ ಆಗ್ತೇನೆ. ಆಚೆ ಸರಿಯಿರಿ, ಈಚೆ ಸರಿಯಿರಿ ಅಂತ ಇಡೀ ದಿನ ಬೈಗಳು." ಆಮೇಲೆ ಹೆಂಡತಿಗೆ ಕೇಳದಂತೆ ದನಿ ತಗ್ಗಿಸಿ ಹೇಳಿದರು: "ಊಟ ಈಗ ಸ್ಟೀಲ್ ಪ್ಲೇಟಿನಲ್ಲಿ ಸಾಹೇಬ್ರೇ, ಅವಳು ಉಣ್ಣುವಂಥದ್ದೇ."