ಹಾಸಿಗೆ ಅಂಗಡಿಯ ಎರಡು ನಾಯಿಗಳು

ಗುಂಡ್ಲುಪೇಟೆಯಲ್ಲಿ ನಮ್ಮದು ಹಾಸಿಗೆ ಅಂಗಡಿ. ಹತ್ತಿ ಹಿಂಜಿ ಹಾಸಿಗೆ, ದಿಂಬು ಹೊಲಿದುಕೊಡುವುದು ಅಬ್ಬಾನ ಕಾಲದಿಂದ ನಡೆದು ಬಂದ ಕಸುಬು. ಅಂಗಡಿಯ ಹಿಂದೆ ಮೂಟೆಗಳನ್ನು ಒಟ್ಟುವ ಒಂದು ತಗಡಿನ ಕೋಣೆಯಿದೆ. ಹಲವು ವರ್ಷಗಳ ಹಿಂದೆ ಒಂದು ಮಳೆಗಾಲದಲ್ಲಿ ಬೀದಿನಾಯಿಯೊಂದು ಆ ಕೋಣೆಗೆ ನುಗ್ಗಿ, ಹಳೇ ಹಾಸಿಗೆಗಳಿಂದ ಬಿಚ್ಚಿ ತೆಗೆದ ಹತ್ತಿಯ ರಾಶಿಯಲ್ಲಿ ಮರಿ ಹಾಕಿತು. ಉಳಿದವು ಎರಡು, ಒಂದು ಕರಿ ಹೆಣ್ಣು, ಇನ್ನೊಂದು ಬಿಳಿ ಗಂಡು. ಮರಿಗಳು ಅನ್ನ ತಿನ್ನುವಂತಾದ ಮೇಲೆ ತಾಯಿ ಎಲ್ಲಿಗೋ ಹೋಯಿತು. ಮರಿಗಳು ಹೋಗಲಿಲ್ಲ.

ನಾನು ಅವುಗಳಿಗೆ ಹೆಸರಿಡಲಿಲ್ಲ. ಹೆಸರಿಟ್ಟರೆ ಸಾಕಿದ ಹಾಗಾಗುತ್ತದೆ, ಸಾಕಿದರೆ ಮನೆಯಲ್ಲಿ ಮಾತು ಬರುತ್ತದೆ ಎಂಬ ಅಂಜಿಕೆ ಇತ್ತು. ಕರಿ ಎಂದರೆ ಅದು ಬರುತ್ತಿತ್ತು, ಬಿಳಿ ಎಂದರೆ ಇದು ಬರುತ್ತಿತ್ತು. ಅಮ್ಮಿಗೆ ವಿಷಯ ತಿಳಿದಾಗ ಅವಳು ಕೂಗಾಡಲಿಲ್ಲ. ಮನೆಯಲ್ಲಿ ನಾವು ಆಡುವುದು ಉರ್ದು, ಅವಳ ಮಾತನ್ನು ಇಲ್ಲಿ ಕನ್ನಡದಲ್ಲೇ ಬರೆಯುತ್ತೇನೆ. "ಅಂಗಡಿ ನಿನ್ನದು, ಅಲ್ಲಿ ಏನಾದರೂ ಇಟ್ಟುಕೋ. ಮನೆ ನಮಾಜು ಮಾಡುವ ಜಾಗ. ಅವು ಹೊಸ್ತಿಲು ತುಳಿಯಬಾರದು ಬೇಟಾ," ಎಂದಳು. ಹಾಗೇ ಆಯಿತು. ನಮಾಜಿನ ಬಟ್ಟೆಯನ್ನು ನಾಯಿಯ ಜೊಲ್ಲು ತಾಗದ ಹಾಗೆ ನಾನು ಅಂಗಡಿಯಲ್ಲಿ ಎತ್ತರದ ಮೊಳೆಗೆ ಬೇರೆಯಾಗಿ ನೇತು ಹಾಕಿಕೊಂಡೆ. ನಾಯಿಗಳು ಹಗಲೆಲ್ಲ ಅಂಗಡಿಯ ಮುಂದೆ ಮಲಗುತ್ತಿದ್ದವು, ರಾತ್ರಿ ತಗಡಿನ ಕೋಣೆಯಲ್ಲಿ. ಹೀಗೆ ವರ್ಷಗಳು ಕಳೆದು, ಕರಿಯ ಮೂತಿಯ ಕೂದಲು ನೆರೆಯಿತು.

ನಮ್ಮ ತಿರುವು ದಾಟಿದರೆ ಊಟಿ ರಸ್ತೆ. ರಜೆಯ ದಿನಗಳಲ್ಲಿ ಬಂಡೀಪುರದ ಕಡೆ ಹೋಗುವ ಗಾಡಿಗಳು ಒಂದರ ಹಿಂದೆ ಒಂದು ಬರುತ್ತಿರುತ್ತವೆ. ರಸ್ತೆಯ ಆಚೆಗೆ ಒಂದು ಟೀ ಅಂಗಡಿ, ಅದನ್ನು ನಡೆಸುವವರು ಬೇಗೂರು ಕಡೆಯ ಒಬ್ಬ ವಯಸ್ಸಾದ ಹೆಂಗಸು. ನಾನು ಅವರನ್ನು ಅವ್ವ ಎನ್ನುತ್ತೇನೆ. ಬೆಳಿಗ್ಗೆ ಅವರು ಒಡೆದುಹೋದ ಬನ್ನು ಹಾಕುತ್ತಿದ್ದುದರಿಂದ ಕರಿ ದಿನಾ ರಸ್ತೆ ದಾಟಿ ಅಲ್ಲಿಗೆ ಹೋಗುತ್ತಿತ್ತು. ಅದಕ್ಕೆ ಗಾಡಿಗಳ ಅಂದಾಜು ಚೆನ್ನಾಗಿತ್ತು, ನಿಂತು ನೋಡಿ ದಾಟುತ್ತಿತ್ತು. ಆದರೆ ವಯಸ್ಸಾಗಿತ್ತು, ಓಟ ನಿಧಾನವಾಗಿತ್ತು.

ಒಂದು ಭಾನುವಾರ ಅವ್ವ ಸೆರಗು ಸಿಕ್ಕಿಸಿಕೊಂಡು ಅಂಗಡಿಗೆ ಓಡಿ ಬಂದರು. "ಮಗಾ, ಬೇಗ ಬಾ. ನಿನ್ ಕರಿನಾಯಿಗೆ ಜೀಪ್ನೋನು ಒಡ್ದ್‌ಬುಟ್ಟು ನಿಲ್ಲಿಸ್ದೇ ಓಗ್ಬುಟ್ಟ ಕಣಪ್ಪ."

ಕರಿ ರಸ್ತೆಯ ಅಂಚಿನ ಮಣ್ಣಿನಲ್ಲಿ ಮುಂಗಾಲೂರಿ ಕೂತಿತ್ತು. ರಕ್ತ ಹೆಚ್ಚಿರಲಿಲ್ಲ. ನನ್ನನ್ನು ನೋಡಿ ಏಳಲು ಹೋಯಿತು, ಸೊಂಟದಿಂದ ಕೆಳಗೆ ಏನೂ ಅಲ್ಲಾಡಲಿಲ್ಲ. ಅದಕ್ಕೆ ಅದು ಅರ್ಥವಾಗದೆ ತಿರುಗಿ ತನ್ನ ಹಿಂಗಾಲನ್ನೇ ಮೂಸಿ ನೋಡಿತು. ಆ ನೋಟ ನನ್ನ ಮನಸ್ಸಿನಿಂದ ಇನ್ನೂ ಹೋಗಿಲ್ಲ.

ಮಾರನೇ ದಿನ ಒಂದು ಗೂಡ್ಸ್ ಆಟೋದಲ್ಲಿ ಹಳೇ ದಿಂಬುಗಳನ್ನು ಹರಡಿ, ಅದರ ಮೇಲೆ ಕರಿಯನ್ನು ಮಲಗಿಸಿಕೊಂಡು ತೆರಕಣಾಂಬಿ ದಾರಿಯಲ್ಲಿ ಚಾಮರಾಜನಗರಕ್ಕೆ ಹೋದೆ. ಅಲ್ಲಿ ಎಕ್ಸ್‌ರೇ ತೆಗೆಸಬಹುದು ಎಂದು ಯಾರೋ ಹೇಳಿದ್ದರು. ದಾರಿಯುದ್ದಕ್ಕೂ ಹೊಲಗಳಲ್ಲಿ ಚೆಂಡುಹೂವು ಕೊಯ್ಯುತ್ತಿದ್ದರು. ರಸ್ತೆಯಲ್ಲಿ ಹಂಪು ಬಂದಾಗಲೆಲ್ಲ ಕರಿ ನನ್ನ ಮೊಣಕೈಯನ್ನು ಹಲ್ಲಿನಿಂದ ಹಿಡಿದುಕೊಳ್ಳುತ್ತಿತ್ತು, ಕಚ್ಚುತ್ತಿರಲಿಲ್ಲ.

ಡಾಕ್ಟರು ಹೆಂಗಸು, ಸಣ್ಣ ವಯಸ್ಸಿನವರು. ಹಿಂಗಾಲಿನ ಬೆರಳನ್ನು ಇಕ್ಕಳದಿಂದ ಬಲವಾಗಿ ಒತ್ತಿದರು. ಕರಿ ಬೇರೆ ಕಡೆ ನೋಡುತ್ತಿತ್ತು. "ಬೆನ್ನುಮೂಳೆ ಮುರಿದಿದೆ. ಈ ಕಾಲು ಮತ್ತೆ ಬರಲ್ಲ. ಉಚ್ಚೆ ಕೂಡ ನೀವೇ ತೆಗೆಸಬೇಕಾಗುತ್ತೆ. ನೋಡ್ಕೊಳ್ಳೋಕೆ ಆಗುತ್ತೆ ಅಂದ್ರೆ ಕರ್ಕೊಂಡು ಹೋಗಿ. ಆಗಲ್ಲ ಅಂದ್ರೂ ತಪ್ಪಿಲ್ಲ, ಇವತ್ತೇ ಹೇಳಿ," ಎಂದರು. ನಾನು ಏನು ಯೋಚಿಸಿದೆನೋ ನೆನಪಿಲ್ಲ. ಉಚ್ಚೆ ತೆಗೆಸುವುದು ಹೇಗೆ ತೋರಿಸಿ ಮೇಡಂ ಎಂದೆ. ಹೊಟ್ಟೆಯ ಕೆಳಗೆ ಎರಡೂ ಕೈಯಿಟ್ಟು, ಮೆಲ್ಲಗೆ ಹಿಂದಕ್ಕೆ ಒತ್ತುವುದನ್ನು ಅವರು ತೋರಿಸಿಕೊಟ್ಟರು. ನನ್ನ ಕೈಯಿಂದಲೂ ಮಾಡಿಸಿ ನೋಡಿದರು.

ಪಾರ್ಶ್ವವಾಯು ಹೊಡೆದು ಮಲಗಿದವರಿಗೆ ನಾನು ಎಷ್ಟೋ ಹಾಸಿಗೆ ಹೊಲಿದುಕೊಟ್ಟಿದ್ದೇನೆ. ಸೊಂಟದ ಕೆಳಗಿಡುವ ದುಂಡನೆಯ ದಿಂಬು, ನೀರು ಇಳಿಯದ ರೆಕ್ಸಿನ್ ಹೊದಿಕೆ, ಎಲ್ಲ ನನ್ನ ಕೈಯಲ್ಲಿ ಆದವೇ. ಹಾಗಾಗಿ ಕರಿಗೆ ಹುಣ್ಣಾಗದಂತೆ ನೋಡಿಕೊಳ್ಳುತ್ತೇನೆ ಎಂಬ ಧೈರ್ಯ ನನಗಿತ್ತು. ಸ್ಪಂಜಿನ ಮೇಲೆ ರೆಕ್ಸಿನ್, ಅದರ ಮೇಲೆ ತೆಳುವಾದ ಹತ್ತಿಯ ಪದರ ಹಾಕಿ ಅಂಗಡಿಯ ಮೂಲೆಯಲ್ಲಿ ಹಾಸಿಗೆ ಮಾಡಿದೆ. ಹಳೇ ಬ್ಯಾಗಿನ ಪಟ್ಟಿ ಕತ್ತರಿಸಿ ಜೋಳಿಗೆಯಂತೆ ಹೊಲಿದು, ಅದರಲ್ಲಿ ಹಿಂಭಾಗವನ್ನು ಎತ್ತಿ ಹಿಡಿದು ಬೆಳಿಗ್ಗೆ ಸಂಜೆ ತಿರುವಿನವರೆಗೆ ನಡೆಸಿದೆ. ಆದರೆ ನಾಯಿ ಮಲಗಿದಲ್ಲೇ ಮಲಗುವ ಪ್ರಾಣಿಯಲ್ಲ. ಯಾರಾದರೂ ಬಂದರೆ ಬೊಗಳುತ್ತ, ಹಾಸಿಗೆಯಿಂದ ಇಳಿದು ಸಿಮೆಂಟಿನ ಮೇಲೆ ತೆವಳುತ್ತಿತ್ತು. ತೊಡೆಯ ಮೂಳೆ ಉಬ್ಬಿದ ಕಡೆ ಚರ್ಮ ಸವೆದು ಹುಣ್ಣಾಯಿತು. ಒಂದು ಮಾಗಿದರೆ ಇನ್ನೊಂದು ಏಳುತ್ತಿತ್ತು.

ಪಕ್ಕದ ವೆಲ್ಡಿಂಗ್ ಅಂಗಡಿಯವನು ಮಕ್ಕಳ ಸೈಕಲಿನ ಚಕ್ರಗಳಿಂದ ಒಂದು ಗಾಡಿ ಮಾಡಿಕೊಟ್ಟ. ಕರಿಯನ್ನು ಅದಕ್ಕೆ ಕಟ್ಟಿ ನಿಲ್ಲಿಸಿದಾಗ ಬೀದಿಯವರೆಲ್ಲ ಸೇರಿದ್ದರು. ಅದು ಮೈಯೆಲ್ಲ ನಡುಗುತ್ತ ನಿಂತಿತು. ಒಂದು ಹೆಜ್ಜೆಯನ್ನೂ ಇಡಲಿಲ್ಲ. ಮತ್ತೆ ಮತ್ತೆ ಪ್ರಯತ್ನಿಸಿದೆವು, ಪ್ರತಿ ಸಲವೂ ಅದೇ ನಡುಕ. ಕಡೆಗೆ ವೆಲ್ಡಿಂಗಿನವನೇ ಬೇಸರದಿಂದ ಚಕ್ರ ಬಿಚ್ಚಿಕೊಂಡು ಹೋದ.

ಹಾಸಿಗೆ ಅಂಗಡಿಯಲ್ಲಿ ವಾಸನೆ ಬರಬಾರದು. ಮದುವೆಯ ಹಾಸಿಗೆ ಹೇಳಲು ಬಂದ ಒಂದು ಕುಟುಂಬ ಒಳಗೆ ಕಾಲಿಟ್ಟವರು ಮುಖ ಮುಖ ನೋಡಿಕೊಂಡು, ಆಮೇಲೆ ಬರುತ್ತೇವೆ ಎಂದು ಹೋದರು. ಅವತ್ತು ನನ್ನ ಹೆಂಡತಿ ಊಟ ತಂದು ಅಲ್ಲೇ ಇದ್ದಳು. ಮಾರನೇ ದಿನದಿಂದ ಕರಿಯ ಬಟ್ಟೆಗಳನ್ನು ಬಕೆಟಿನಲ್ಲಿ ಹಾಕಿಕೊಂಡು, ಅಂಗಡಿಯ ಹಿಂದಿನ ನಲ್ಲಿಯಲ್ಲಿ ಡೆಟಾಲ್ ಹಾಕಿ ಒಗೆಯತೊಡಗಿದಳು. "ನೀವು ಒಗೆದರೆ ಎಲ್ಲಿ ಹೋಗುತ್ತೆ ವಾಸನೆ," ಎಂದಳು ಅಷ್ಟೆ. ಅಮ್ಮಿ ಕೂಡ ಅಂಗಡಿಯತ್ತ ಬಾರದಿದ್ದರೂ, ಮನೆಯಲ್ಲಿ ಮೇಕೆ ಕಾಲಿನ ಪಾಯ ಮಾಡಿದ ದಿನ ಮೂಳೆಯ ಗಂಜಿಯನ್ನು ಬೇರೆ ಡಬ್ಬಿಯಲ್ಲಿ ಕಳಿಸುತ್ತಿದ್ದಳು. ಖಾರ ಹಾಕಿರುತ್ತಿರಲಿಲ್ಲ.

ಎರಡನೇ ವರ್ಷದ ಹೊತ್ತಿಗೆ ಬಿಳಿಯ ಕಣ್ಣಿಗೆ ಪೊರೆ ಬಂದು ಪೂರ್ತಿ ಕುರುಡಾಯಿತು. ಕಿವಿಯೂ ಮಂದವಾಯಿತು. ಅದು ಎಲ್ಲ ತಿರುಗಾಟ ನಿಲ್ಲಿಸಿ ಕರಿಯ ಬೆನ್ನಿಗೆ ಬೆನ್ನು ಕೊಟ್ಟು ಮಲಗಿರುತ್ತಿತ್ತು. ಅನ್ನದ ತಟ್ಟೆಯನ್ನು ನಾನು ಅದರ ಮೂತಿಗೆ ತಾಗಿಸಬೇಕಿತ್ತು. ಬೆಳಿಗ್ಗೆ ಅಂಗಡಿ ತೆಗೆದರೆ ಮೊದಲು ಕರಿಯ ಉಚ್ಚೆ, ಆಮೇಲೆ ಹುಣ್ಣಿಗೆ ಔಷಧಿ, ಆಮೇಲೆ ಬಿಳಿಯನ್ನು ಹೊರಗೆ ಕರೆದೊಯ್ಯುವುದು. ಇಷ್ಟಾದ ಮೇಲೆ ಕೈಕಾಲು ತೊಳೆದು ಹತ್ತಿಗೆ ಕೈ ಹಾಕುತ್ತಿದ್ದೆ. ಹಬ್ಬ, ಮದುವೆ ಎಂದು ಬೇರೆ ಊರಿನಲ್ಲಿ ಒಂದು ರಾತ್ರಿ ಉಳಿದದ್ದಿಲ್ಲ. ನೆಂಟರು ಮೊದಲು ನಕ್ಕರು, ಆಮೇಲೆ ಕರೆಯುವುದನ್ನು ಕಡಿಮೆ ಮಾಡಿದರು. ಟೀ ಅಂಗಡಿಯ ಅವ್ವ ಮಾತ್ರ, "ಎಲ್ರೂ ಬುಟ್ಬುಡು ಬುಟ್ಬುಡು ಅಂತಾರೆ. ಉಸ್ರಾಡ್ತಾ ಇರೋದ ಎಂಗಪ್ಪ ಬುಡದು," ಎನ್ನುತ್ತಿದ್ದರು.

ಮೂರನೇ ಬೇಸಿಗೆಯಲ್ಲಿ ಕರಿಯ ಉಚ್ಚೆಯಲ್ಲಿ ರಕ್ತ ಬಂತು. ಔಷಧಿಗೆ ನಿಂತು, ಮತ್ತೆ ಬಂತು. ಒಂದು ಹುಣ್ಣು ಒಳಕ್ಕೆ ಇಳಿದು ಮೂಳೆ ಕಾಣಿಸತೊಡಗಿತು. ಅದು ಬೊಗಳುವುದನ್ನು ನಿಲ್ಲಿಸಿತು, ಯಾರು ಬಂದರೂ ತಲೆ ಎತ್ತುತ್ತಿರಲಿಲ್ಲ. ಅಮ್ಮಿಯ ಗಂಜಿಯನ್ನೂ ಮೂಸಿ ಬಿಟ್ಟುಬಿಟ್ಟಿತು. ಚಾಮರಾಜನಗರದ ಅದೇ ಡಾಕ್ಟರಿಗೆ ಫೋನು ಮಾಡಿದೆ. ಅವರು ಎಲ್ಲ ಕೇಳಿಸಿಕೊಂಡು, "ನಾಳೆ ಕರ್ಕೊಂಡು ಬನ್ನಿ. ಖಾಲಿ ಕೈಲಿ ವಾಪಸ್ ಹೋಗೋಕೆ ಮನಸ್ಸು ಗಟ್ಟಿ ಮಾಡ್ಕೊಂಡು ಬನ್ನಿ," ಎಂದರು.

ಹೆಂಡತಿ ಬೇಡ ಎಂದಳು. "ಪ್ರಾಣ ಕೊಟ್ಟವನು ತೆಗೆದುಕೊಳ್ಳಲಿ. ನಾವು ಯಾರು?"

"ಅದು ನರಳುತ್ತಿದೆ," ಎಂದೆ.

"ಇಷ್ಟು ದಿನ ನೋಡಿಕೊಂಡಿರಿ. ಇನ್ನೊಂದು ವಾರ ನೋಡಿ."

ಮಾರನೇ ದಿನ ನಾನು ಹೋಗಲಿಲ್ಲ. ಆ ವಾರವೂ ಕಳೆಯಿತು. ಹುಣ್ಣಿನಲ್ಲಿ ಹುಳ ಕಂಡವು. ಬೆಳಿಗ್ಗೆ ಹೆಂಡತಿಯೇ ಬಟ್ಟೆ ಬದಲಿಸಲು ಹೋದವಳು ಅದನ್ನು ನೋಡಿ, ನಲ್ಲಿಯ ಹತ್ತಿರ ಕೂತು ಬಹಳ ಹೊತ್ತು ಅತ್ತಳು. ಆಮೇಲೆ ಮುಖ ತೊಳೆದುಕೊಂಡು ಬಂದು, "ಆಟೋದವನಿಗೆ ಹೇಳಿ," ಎಂದಳು.

ಈ ಸಲ ಅವಳೂ ಜೊತೆಗೆ ಬಂದಳು. ಕರಿಯ ತಲೆ ಅವಳ ತೊಡೆಯ ಮೇಲಿತ್ತು. ಆಸ್ಪತ್ರೆಯಲ್ಲಿ ಎಮ್ಮೆ, ಮೇಕೆ ಹಿಡಿದುಕೊಂಡು ಜನ ಕಾಯುತ್ತಿದ್ದರು. ಡಾಕ್ಟರು ನಮ್ಮನ್ನು ಹಿಂದಿನ ಬಾಗಿಲಿನ ಬಳಿ, ಬೇವಿನ ಮರದ ಕೆಳಗೆ ಕರೆದೊಯ್ದರು. ಒಳಗೆ ಸ್ಟೀಲಿನ ಮೇಜು ತಣ್ಣಗಿರುತ್ತೆ, ಇಲ್ಲೇ ಇರಲಿ ಎಂದರು. ಮೊದಲು ಮಂಪರು ಬರುವ ಇಂಜೆಕ್ಷನ್ ಕೊಟ್ಟರು. ಕರಿಯ ಕಣ್ಣು ನಿಧಾನಕ್ಕೆ ಮುಚ್ಚಿತು, ನಾಲಗೆ ಸ್ವಲ್ಪ ಹೊರಗೆ ಬಂತು. ಎಷ್ಟೋ ತಿಂಗಳಲ್ಲಿ ಅದು ನೋವಿಲ್ಲದೆ ಮಲಗಿದ್ದನ್ನು ನಾನು ಕಂಡದ್ದು ಅದೇ ಮೊದಲು. ಅದನ್ನು ಹಾಗೇ ಎತ್ತಿಕೊಂಡು ಮನೆಗೆ ಹೋಗಿಬಿಡೋಣ ಎನ್ನಿಸಿತು. ಅಷ್ಟರಲ್ಲಿ ಎರಡನೇ ಇಂಜೆಕ್ಷನ್ ಕೊಟ್ಟಾಗಿತ್ತು. ಡಾಕ್ಟರು ಎದೆಗೆ ಸ್ಟೆತಾಸ್ಕೋಪ್ ಇಟ್ಟು ಕೇಳಿ, ನನ್ನ ಭುಜ ಮುಟ್ಟಿ ಒಳಗೆ ಹೋದರು.

ಊರಿಗೆ ಬಂದ ಮೇಲೆ ಎಲ್ಲಿ ಹೂಳುವುದೆಂದು ತಿಳಿಯಲಿಲ್ಲ. ನಮಗೆ ಅಂಗಡಿ, ಮನೆ ಬಿಟ್ಟರೆ ಅಂಗೈಯಗಲ ಜಾಗವಿಲ್ಲ. ಆಟೋ ನಿಂತದ್ದನ್ನು ನೋಡಿ ಅವ್ವ ರಸ್ತೆ ದಾಟಿ ಬಂದರು. ಹಳೇ ಬೆಡ್‌ಶೀಟಿನಲ್ಲಿ ಸುತ್ತಿದ್ದನ್ನು ನೋಡಿದರು.

"ಕಸದ್ ಗಾಡಿಗ್ ಆಕ್ಬ್ಯಾಡ ಮಗಾ. ನಮ್ ಒಲ್ದ್ ಬದುನಲ್ಲಿ ಒಂಗೆ ಮರ ಅದ. ಅಲ್ಲೇ ಮಣ್ ಮಾಡನ ನಡಿ," ಎಂದು ಟೀ ಒಲೆಯನ್ನು ಆರಿಸಿ ಆಟೋ ಹತ್ತಿದರು.

ಬೇಗೂರಿನ ಹತ್ತಿರ ಅವರ ಹೊಲ. ಅಲ್ಲಿ ಈರುಳ್ಳಿಗೆ ನೀರು ಕಟ್ಟುತ್ತಿದ್ದ ಅವರ ಮೈದುನ ಗಂಟನ್ನು ನೋಡಿ ಮುಖ ಸಿಂಡರಿಸಿದ. "ಅತ್ಗೆ, ಯಾರ್ದೋ ನಾಯಿ ತಂದು ನಮ್ ಒಲ್ದಲ್ಲಿ ಊಣದಾ? ನೋಡ್ದೋರು ಏನಂದಾರು?"

"ಅನ್ಲಿ ಬುಡು. ನನ್ ಬನ್ ತಿಂದ್ಕಂಡಿದ್ ನಾಯಿ ಅದು. ನೀನ್ ಆರೆ ತತ್ತಾ," ಎಂದರು ಅವ್ವ.

ಅವನು ಗೊಣಗುತ್ತಲೇ ಹಾರೆ ತಂದ. ನೆಲ ಗಟ್ಟಿಯಿತ್ತು. ನಾನು ಅಗೆಯುವುದನ್ನು ಸ್ವಲ್ಪ ಹೊತ್ತು ನೋಡಿ, "ಇಂಗಾದ್ರೆ ಒತ್ ಮುಳುಗ್ತದ, ಕೊಡಿ ಸಾಬ್ರೆ," ಎಂದು ಕಿತ್ತುಕೊಂಡು ತಾನೇ ಆಳವಾಗಿ ಅಗೆದ.

ಕರಿ ಹೋದ ಮೇಲೆ ಬಿಳಿ ಅದರ ಹಾಸಿಗೆಯ ಮೇಲೆ ಮಲಗತೊಡಗಿತು. ಹಾಸಿಗೆ ಒಗೆದು ಒಣಗಿಸಿದ ದಿನ ಇಡೀ ಅಂಗಡಿಯನ್ನು ಮೂಸುತ್ತ ಸುತ್ತಿತು. ಆಮೇಲೆ ಅದರ ತಲೆಯೂ ಸರಿಯಾಗಿ ಕೆಲಸ ಮಾಡುತ್ತಿರಲಿಲ್ಲವೆಂದು ಕಾಣುತ್ತದೆ. ಗೋಡೆಗೆ ಮುಖ ಮಾಡಿಕೊಂಡು ಗಂಟೆಗಟ್ಟಲೆ ನಿಂತುಬಿಡುತ್ತಿತ್ತು. ನಾನು ತಿರುಗಿಸಿ ಬಿಟ್ಟರೆ ಇನ್ನೊಂದು ಗೋಡೆಯವರೆಗೆ ಹೋಗಿ ನಿಲ್ಲುತ್ತಿತ್ತು. ಒಂದು ಶುಕ್ರವಾರ ಮಧ್ಯಾಹ್ನ ನಾನು ಜುಮ್ಮಾ ನಮಾಜಿಗೆ ಹೋಗಿ ಬರುವಷ್ಟರಲ್ಲಿ ಕಾಣೆಯಾಯಿತು. ಬಸ್ ಸ್ಟ್ಯಾಂಡಿನ ಹಿಂದಿನ ಚರಂಡಿಯಲ್ಲಿ, ಹೊಟ್ಟೆಯವರೆಗೆ ನೀರಿನಲ್ಲಿ ನಿಂತಿದ್ದದ್ದು ಸಿಕ್ಕಿತು. ಎಷ್ಟು ಹೊತ್ತಿನಿಂದ ನಿಂತಿತ್ತೋ. ಒಂದು ಸದ್ದನ್ನೂ ಮಾಡಿರಲಿಲ್ಲ. ಎತ್ತಿದಾಗ ನನ್ನ ವಾಸನೆ ಹಿಡಿದು ಬಾಲವನ್ನು ಒಂದು ಸಲ ಆಡಿಸಿತು.

ಅದನ್ನು ಚಾಮರಾಜನಗರಕ್ಕೆ ಒಯ್ಯುವ ಪ್ರಸಂಗ ಬರಲಿಲ್ಲ. ಒಂದು ದಿನ ನಾನು ಹತ್ತಿ ಹಿಂಜುವ ಮೆಷಿನ್ ಹಾಕಿದ್ದೆ. ಅದರ ಸದ್ದಿನಲ್ಲಿ ಬೇರೇನೂ ಕೇಳಿಸುವುದಿಲ್ಲ. ಬಿಳಿ ನನ್ನ ಕಾಲಿನ ಹತ್ತಿರವೇ ಮಲಗಿತ್ತು, ಮೈಮೇಲೆಲ್ಲ ಹತ್ತಿಯ ಎಳೆಗಳು ಕೂತಿದ್ದವು. ಕರೆಂಟು ಹೋಗಿ ಮೆಷಿನ್ ನಿಂತಾಗ ಅದರ ಉಸಿರಿನ ಸದ್ದು ಇರಲಿಲ್ಲ. ಮೈ ಇನ್ನೂ ಬಿಸಿ ಇತ್ತು. ಕರೆದಿತ್ತೋ, ಒದ್ದಾಡಿತ್ತೋ, ನನಗೆ ಗೊತ್ತಿಲ್ಲ. ಒಂದು ಮೊಳ ದೂರದಲ್ಲಿ ನಾನು ಬಗ್ಗಿ ಕೆಲಸ ಮಾಡುತ್ತಿದ್ದೆ.

ಅದನ್ನೂ ಕರಿಯ ಪಕ್ಕದಲ್ಲೇ ಮಣ್ಣು ಮಾಡಿದೆವು. ಈ ಸಲ ಅವ್ವನ ಮೈದುನ ನಾವು ಹೋಗುವ ಮೊದಲೇ ಗುಂಡಿ ತೋಡಿ ಇಟ್ಟಿದ್ದ.

ಸಂಜೆ ಮನೆಗೆ ಹೋದಾಗ ಅಮ್ಮಿ ತನ್ನ ಮಂಚದ ಮೇಲೆ ಗೋಡೆಗೊರಗಿ ಕೂತಿದ್ದಳು. ಈಚೆಗೆ ಅವಳು ಮಂಚದಿಂದ ಇಳಿಯಲು ಯಾರಾದರೂ ಕೈ ಕೊಡಬೇಕು. ಹೆಂಡತಿ ಆಗಲೇ ಹೇಳಿದ್ದಳು.

"ಎರಡನೇದೂ ಹೋಯಿತಾ?"

"ಹೂಂ ಅಮ್ಮಿ."

"ನರಳಿತಾ?"

"ಇಲ್ಲ. ನಿದ್ದೆಯಲ್ಲಿ ಹೋಯಿತು," ಎಂದೆ.

ಅವಳು ನನ್ನ ಮುಖವನ್ನು ನೋಡಿದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆಮೇಲೆ ಹಾಸಿಗೆಯನ್ನು ಕೈಯಿಂದ ಒತ್ತಿ ತೋರಿಸಿ, "ಇಲ್ಲಿ ನೋಡು ಬೇಟಾ, ಹತ್ತಿ ಗಂಟು ಕಟ್ಟಿದೆ. ಸೊಂಟಕ್ಕೆ ಚುಚ್ಚುತ್ತೆ. ಪುರುಸೊತ್ತಾದಾಗ ಬಿಚ್ಚಿ ಹಿಂಜಿ ಕೊಡು," ಎಂದಳು.

ನಾನು ಅವಳ ಪಕ್ಕ ಕೂತು ಕೈಯಾಡಿಸಿ ನೋಡಿದೆ. ಅವಳು ಮಲಗುವ ಕಡೆ ಹಾಸಿಗೆ ಕಲ್ಲಿನ ಹಾಗಾಗಿತ್ತು. ಬೆಳಿಗ್ಗೆ ಅವಳನ್ನು ನಮ್ಮ ಮಂಚದ ಮೇಲೆ ಕೂರಿಸಿ, ಹಾಸಿಗೆ ಸುತ್ತಿ ಹೆಗಲ ಮೇಲೆ ಹೊತ್ತು ಅಂಗಡಿಗೆ ಹೋದೆ. ಹೊಲಿಗೆ ಬಿಚ್ಚಿ, ಹತ್ತಿಯನ್ನು ಹಿಂದಿನ ಕೋಣೆಯ ತಗಡಿನ ಮೇಲೆ ಬಿಸಿಲಿಗೆ ಹರಡಿದೆ.