ಪರಾತದ ಮೇಲೆ ಲ್ಯಾಪ್‌ಟಾಪ್

ಆ ಬೇಸಿಗೆಯಲ್ಲಿ ಸಂಡೂರಿನ ನಮ್ಮ ತವರುಮನೆಯಲ್ಲಿ ಎಲ್ಲದಕ್ಕೂ ಅಂಗಿ ಇತ್ತು. ಟಿವಿಗೆ ಒಂದು, ಮಿಕ್ಸಿಗೆ ಒಂದು, ಹೊಲಿಗೆ ಮಿಷನ್ನಿಗೂ ಒಂದು. ಅದಿರಿನ ಲಾರಿಗಳು ಹಗಲೆಲ್ಲ ಮನೆಮುಂದೆ ಹಾಯುತ್ತಿದ್ದವು. ಕೆಂಪು ಧೂಳು ಒಗೆದು ಹಾಕಿದ ಸೀರೆಯ ಮೇಲೆ, ಮಜ್ಜಿಗೆಯ ಮೇಲೆ, ಮಲಗಿದವರ ರೆಪ್ಪೆಯ ಮೇಲೆ ಬಂದು ಕೂರುತ್ತಿತ್ತು. ಅವ್ವ ಹಳೇ ಸೀರೆ ಕತ್ತರಿಸಿ ಮನೆಯ ಸಾಮಾನಿಗೆಲ್ಲ ಹೊದಿಕೆ ಹೊಲಿಯುತ್ತಿದ್ದಳು. ನಾನು ಚೊಚ್ಚಲ ಬಸುರಿ, ಹೆರಿಗೆಗೆಂದು ಬಂದವಳು. ಮಧ್ಯಾಹ್ನ ಮಲಗಿ ಕಣ್ಣುಬಿಟ್ಟರೆ ಕಿಟಕಿಯ ಬೆಳಕು ಕುಂಕುಮ ಕಲಸಿದ ನೀರಿನಂತೆ ಕಾಣುತ್ತಿತ್ತು. ಇನ್ನೂ ಕನಸಿನಲ್ಲೇ ಇದ್ದೇನೆಂದುಕೊಂಡು ಮತ್ತೆ ಕಣ್ಣು ಮುಚ್ಚುತ್ತಿದ್ದೆ.

ಅವ್ವನ ಗಂಟಲಲ್ಲಿ ಗಡ್ಡೆಯಾಗಿತ್ತು. ಆಪರೇಷನ್ ಆದಮೇಲೆ ದನಿ ಉಳಿಯುವುದಿಲ್ಲ ಎಂದು ಬಳ್ಳಾರಿಯ ಡಾಕ್ಟರು ಮೊದಲೇ ಹೇಳಿದ್ದರು. ಆಪರೇಷನ್ನಿನ ದಿನ ನನ್ನ ಹೆರಿಗೆಗಿಂತ ಮುಂಚೆಯೇ ಇತ್ತು. ನಮ್ಮ ಓಣಿಯಲ್ಲಿ ಯಾರ ಮನೆಯ ಕೂಸನ್ನು ತೊಟ್ಟಿಲಿಗೆ ಹಾಕಿದರೂ ಜೋಗುಳ ಹಾಡಲು ಅವ್ವನೇ ಬೇಕು. ಊರ ಕೂಸುಗಳಿಗೆಲ್ಲ ಹಾಡಿದವಳು ನನ್ನ ಕೂಸಿಗೆ ಹಾಡುವುದಿಲ್ಲವಲ್ಲ ಎಂದು ನನಗೆ ಸಂಕಟ. ಸಿಟ್ಟೂ ಇತ್ತು, ಯಾರ ಮೇಲೆ ಅಂತ ಗೊತ್ತಿರಲಿಲ್ಲ. ಮನೆಯ ಟೇಪ್ ರೆಕಾರ್ಡರ್ ಧೂಳು ತಿಂದು ಮೂಲೆ ಸೇರಿತ್ತು. ತೋರಣಗಲ್ಲಿನಲ್ಲಿ ಕೆಲಸಕ್ಕಿದ್ದ ನಮ್ಮನೆಯವರು ಯಾರಿಂದಲೋ ಕೊಂಡಿದ್ದ ಹಳೇ ಲ್ಯಾಪ್‌ಟಾಪನ್ನು ನನ್ನ ಜೊತೆ ಕಳಿಸಿದ್ದರು. ಅದಕ್ಕೆ ಮೈಕು ಸಿಕ್ಕಿಸಿ ಅವ್ವನ ಜೋಗುಳದ ಪದ ಹಿಡಿದಿಡಲು ಕೂತೆ.

ಹಾಡು ಅರ್ಧಕ್ಕೆ ಬರುವುದರೊಳಗೆ ಲ್ಯಾಪ್‌ಟಾಪ್ ಕಾದ ಹೆಂಚಾಗಿ ತಾನಾಗಿಯೇ ಆರಿಹೋಗುತ್ತಿತ್ತು. ಹಿಡಿದದ್ದೆಲ್ಲ ಅದರ ಜೊತೆಗೇ ಹೋಗುತ್ತಿತ್ತು. ಅವ್ವ ಮತ್ತೆ ಮೊದಲಿನಿಂದ ಶುರುಮಾಡಬೇಕು. ಒಂದೊಂದು ಸಲಕ್ಕೂ ದನಿ ಇನ್ನಷ್ಟು ಸವೆಯುತ್ತಿತ್ತು.

"ನಿನ್ನ ಮಿಷನ್ನಿಗೆ ಜ್ವರ ಬಂದೈತಿ ನೋಡವ್ವ," ಎಂದು ಅವ್ವ ನಕ್ಕಳು.

ಮದುವೆಗೆ ಮುಂಚೆ ನಾನು ಹೊಸಪೇಟೆಯ ಕಂಪ್ಯೂಟರ್ ಸೆಂಟರಿನಲ್ಲಿ ಕಲಿಸುತ್ತಿದ್ದವಳು, ಬಿಡುವ ಪೈಕಿ ಅಲ್ಲ. ಸ್ಕ್ರೂಡ್ರೈವರ್ ಹಿಡಿದು ಲ್ಯಾಪ್‌ಟಾಪನ್ನು ಬೋರಲು ಹಾಕಿದೆ. ನೋಡಿದರೆ, ಗಾಳಿಯಾಡುವ ಕಿಂಡಿಗಳಿಗೆಲ್ಲ ಯಾರೋ ಬಟ್ಟೆಯ ಚೂರು ಕತ್ತರಿಸಿ ನೀಟಾಗಿ ಅಂಟಿಸಿದ್ದಾರೆ!

"ಅವ್ವಾ, ಇದೇನು ಮಾಡೀದಿ?"

"ಧೂಳು ಒಳಗ ಹೊಕ್ಕತೈತಿ ಅಂತ ಮುಚ್ಚೀನಿ. ಬ್ಯಾಡಾಗಿತ್ತೇನು?"

"ಬಿಸಿ ಹೊರಗ ಬರೋದು ಅಲ್ಲಿಂದನ ಅವ್ವ!"

ಚೆನ್ನಾಗಿ ರೇಗಿದೆ. ಆಮೇಲೆ ಒಳಗಿನ ಫ್ಯಾನ್ ಬಿಚ್ಚಿದರೆ ಕೆಂಪು ಧೂಳು ಹೆಪ್ಪುಗಟ್ಟಿ ಕೂತಿತ್ತು. ಅವ್ವ ಮುಚ್ಚುವ ಮೊದಲೇ ಹೊಕ್ಕದ್ದು. ಅವಳು ಅಂದದ್ದೂ ಸುಳ್ಳಲ್ಲ. ಮುಚ್ಚಿದರೂ ಬೇಯುತ್ತದೆ, ತೆರೆದಿಟ್ಟರೂ ಧೂಳು ತುಂಬಿ ಬೇಯುತ್ತದೆ. ಈ ಊರಲ್ಲಿ ಯಂತ್ರದ ಬಾಳೂ ಕಷ್ಟವೇ. ಬ್ರಷ್ಷಿನಿಂದ ಧೂಳು ತೆಗೆದೆ. ಒಳಗಿನ ಚಿಪ್ ಮೇಲೆ ಬಿಸಿ ಎಳೆಯಲೆಂದು ಹಚ್ಚಿ ಒಣಗಿಹೋಗಿದ್ದ ಪೇಸ್ಟ್ ಒರೆಸಿ, ಹೊಸಪೇಟೆಯಿಂದ ತರಿಸಿದ ಹೊಸ ಪೇಸ್ಟ್ ಸವರಿದೆ. ಹಳೇ ಕಂಪ್ಯೂಟರಿನ ಫ್ಯಾನೊಂದನ್ನು ಚಪ್ಪಲಿಯ ಡಬ್ಬಿಯಲ್ಲಿ ಕೂರಿಸಿ, ಧೂಳಿಗೆ ಅಡ್ಡವಾಗಿ ವಾಯಿಲ್ ಸೀರೆಯ ತುಂಡು ಕಟ್ಟಿ, ಅಡಿಯಿಂದ ಗಾಳಿ ಬಿಟ್ಟೆ. ಲ್ಯಾಪ್‌ಟಾಪ್ ತಣ್ಣಗೇನೋ ಆಯಿತು. ಆದರೆ ರೆಕಾರ್ಡಿಂಗ್ ಹಚ್ಚಿ ಕೇಳಿದರೆ ಬರೀ ಭರ್ರೋ ಸದ್ದು. ಅವ್ವನ ಸಣ್ಣಗಾದ ದನಿ ಅದರೊಳಗೆ ಎಲ್ಲೋ ಮುಳುಗಿಹೋಗಿತ್ತು. ನಾನು ಕೂತಲ್ಲೇ ಅತ್ತುಬಿಟ್ಟೆ.

ಸದ್ದಿಲ್ಲದೆ ತಣಿಸಬೇಕಿತ್ತು. ಆಪರೇಷನ್ನಿಗೆ ದಿನ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ ಕುಡಿಯುವ ನೀರಿನ ಗಡಿಗೆಗೆ ಕೆನ್ನೆ ಒತ್ತಿ ಕಣ್ಣುಮುಚ್ಚಿ ಕೂತಿದ್ದೆ. ಬಸುರಿನ ಬೇಗೆಗೆ ಅದೊಂದೇ ಸುಖ. ಹೊರಗೆ ಲಾರಿಗಳ ಸದ್ದು, ಒಳಗೆ ಕೂಸು ನಿಧಾನ ಹೊರಳುತ್ತಿತ್ತು, ನಾನು ಎಲ್ಲಿದ್ದೇನೆ ಎಂಬುದೇ ಮರೆತಿತ್ತು. ಗಡಿಗೆಯ ಕೆಳಗಿನ ಒದ್ದೆ ಮರಳಿಗೆ ಕಾಲ್ಬೆರಳು ತಾಕಿದವು. ಎಂಥಾ ತಂಪು! ಅರೆನಿದ್ದೆಯಲ್ಲೇ ಎದ್ದು ಅಗಲವಾದ ಬುಟ್ಟಿಗೆ ಮರಳು ಸುರಿದು ನೀರು ಚಿಮುಕಿಸಿದೆ. ಅದರ ಮೇಲೆ ಅಲ್ಯೂಮಿನಿಯಮ್ಮಿನ ದೊಡ್ಡ ಪರಾತ ಒತ್ತಿ ಕೂರಿಸಿ, ಅದರೊಳಗೆ, ಅಡಿಗೆ ಗಾಳಿಯಾಡಲೆಂದು ಬಾಟಲಿ ಮುಚ್ಚಳಗಳ ಮೇಲೆ ಲ್ಯಾಪ್‌ಟಾಪ್ ಇಟ್ಟೆ.

"ಏ ಹುಚ್ಚಿ, ಹಿಟ್ಟು ನಾದೋ ಪರಾತಲೇ ಅದು!" ಎಂದು ಅವ್ವ ಗದರಿದಳು.

ಡ್ರೈವರುಗಳು ಲಾರಿ ನಿಲ್ಲಿಸಿ ಊಟಕ್ಕೆ ಕೂರುವ ಹೊತ್ತು. ರಸ್ತೆ ಸುಮ್ಮನಾಯಿತು. ಅವ್ವ ನನ್ನ ಹೊಟ್ಟೆಯ ಮೇಲೆ ಕೈಯಿಟ್ಟು ಹಾಡಿದಳು. ದನಿ ಒಡೆದಿತ್ತು. ನಡುವೆ ಒಂದು ಕಡೆ ಉಸಿರು ಸಾಲದೆ ನಿಂತಳು, ಎಳೆದುಕೊಂಡಳು, ಮತ್ತೆ ಮುಂದುವರಿಸಿದಳು. ನಾನು ಪರದೆ ನೋಡಲಿಲ್ಲ, ಪರಾತದ ಅಂಚು ಹಿಡಿದು ಕೂತಿದ್ದೆ. ಅದು ತಣ್ಣಗೇ ಇತ್ತು. ಕೊನೆಯ ನುಡಿ ಮುಗಿದಾಗಲೂ ಲ್ಯಾಪ್‌ಟಾಪ್ ಆರಿರಲಿಲ್ಲ.

ಆಪರೇಷನ್ ಆಯಿತು, ಆಮೇಲೆ ಮಗಳು ಹುಟ್ಟಿದಳು. ತೊಟ್ಟಿಲಿಗೆ ಹಾಕುವ ದಿನ ಓಣಿಯ ಹೆಂಗಸರೆಲ್ಲ ನೆರೆದರು. ಅವ್ವ ಈಗ ಉಸಿರಾಡುವುದು ಕುತ್ತಿಗೆಯಲ್ಲಿ ಮಾಡಿದ ತೂತಿನಿಂದ. ಅದರ ಮೇಲೆ ತೆಳ್ಳನೆಯ ಬಿಳಿ ಬಟ್ಟೆ ಇಳಿಬಿಟ್ಟುಕೊಂಡು, ತೊಟ್ಟಿಲ ಹಗ್ಗ ಹಿಡಿದು ಕೂತಿದ್ದಳು. ನಾನು ಲ್ಯಾಪ್‌ಟಾಪಿನಲ್ಲಿ ಅವ್ವನ ಹಾಡು ಹಚ್ಚಿದೆ. ಅವ್ವನ ತುಟಿಗಳು ಅಲುಗತೊಡಗಿದವು. ಹಾಡಿನಲ್ಲಿ ಉಸಿರು ಸಾಲದೆ ನಿಂತಿದ್ದ ಜಾಗ ಬಂತು. ತೊಟ್ಟಿಲ ಪಕ್ಕದಲ್ಲಿ ಅವ್ವನ ತುಟಿಗಳೂ ನಿಂತವು, ಕುತ್ತಿಗೆಯ ಬಟ್ಟೆ ಒಳಕ್ಕೆ ಎಳೆದುಕೊಂಡಿತು. ಆಮೇಲೆ ಹಾಡಿನೊಳಗಿನ ಅವ್ವ, ತೊಟ್ಟಿಲ ಪಕ್ಕದ ಅವ್ವ ಇಬ್ಬರೂ ಸೇರಿ ಮುಂದಿನ ನುಡಿಗೆ ಹೋದರು.