ಕೆನಡಾದವರ ಕರಾರು, ನನ್ನ ಹಿಂದಿನ ಕೋಣೆ

ಬೆಂಡೆಕಾಯಿ ಹೆಚ್ಚುವಾಗ ಕೈಗೆ ಅಂಟು, ಕಣ್ಣಿಗೆ ಮಾತ್ರ ಪೂರಾ ಬಿಡುವು. ಹಾಗಾಗಿ ಸೌದಿಯ ಜಿದ್ದಾದಲ್ಲಿ, ಅಜೀಜಿಯಾ ಬಡಾವಣೆಯ ಮಗಳ ಮನೆಯ ಊಟದ ಮೇಜಿನ ಮೇಲೆ ಮೊಮ್ಮಗಳು ಶ್ರಾವ್ಯ ಖರ್ಜೂರದ ಡಬ್ಬಿಗೆ ಟ್ಯಾಬ್ ಒರಗಿಸಿ ಏನು ಹಾಕಿದರೂ ನಾನು ನೋಡುತ್ತಿದ್ದೆ. ಅವಳ ಶಾಲೆಯಲ್ಲಿ ಮಕ್ಕಳಿಗೆ ಒಂದೊಂದು ದೇಶ ಹಂಚಿ ವಿಶ್ವಸಂಸ್ಥೆಯ ಆಟ ಆಡಿಸುತ್ತಾರೆ. ಅವಳ ಪಾಲಿಗೆ ಬಂದದ್ದು ಕೆನಡಾ. ಅಲ್ಲಿನ ಮೂಲನಿವಾಸಿಗಳೂ ಬಿಳಿಯರೂ ಮಾಡಿಕೊಂಡ ಒಪ್ಪಂದಗಳ ಬಗ್ಗೆ ಪಾಠದ ವೀಡಿಯೊ ನೋಡಿ ಬರೆಯಬೇಕಿತ್ತು. ಇಂಗ್ಲಿಷ್ ಅವಳಿಗೆ ನೀರು ಕುಡಿದಷ್ಟು ಸುಲಭ, ನನಗೆ ಗಾಳಿ ಶಬ್ದ. ಅವಳು ಅರ್ಧಂಬರ್ಧ ಕನ್ನಡದಲ್ಲಿ ಹೇಳಿದ್ದನ್ನೇ ನಾನು ಇಲ್ಲಿ ಹೇಳುವುದು. ತಪ್ಪಿದ್ದರೆ ಅವಳನ್ನು ಕೇಳಿ.

ಸಂಗತಿ ಇಷ್ಟು. ಇಂಗ್ಲೆಂಡಿನ ರಾಣಿಯ ಕಡೆಯವರು ಬಂದು ಡೇರೆ ಹಾಕುತ್ತಾರೆ. ವೀಡಿಯೊದಲ್ಲಿ ಅವರ ವೇಷ ಹಾಕಿದವನೊಬ್ಬನ ಮೀಸೆ ಒಂದು ಬದಿ ಅಂಟು ಬಿಟ್ಟಿತ್ತು, ಆದರೆ ಗತ್ತಿಗೆ ಕೊರತೆ ಇರಲಿಲ್ಲ. ಊರಿನ ಹಿರಿಯರು ಎದುರು ಕೂರುತ್ತಾರೆ, ನಡುವೆ ಒಬ್ಬ ದುಭಾಷಿ. ದಿನಗಟ್ಟಲೆ ಮಾತು. ನೆಲವನ್ನು ಹಂಚಿಕೊಂಡು ಬಾಳೋಣ, ನೇಗಿಲು ಹೋಗುವಷ್ಟು ಆಳ ನಿಮಗೆ, ಉಳಿದದ್ದು ನಮಗೆ ಎಂದು ಹಿರಿಯರು ತಿಳಿದುಕೊಂಡರು. ಕಾಗದದಲ್ಲಿ ಮಾತ್ರ ಎಲ್ಲವನ್ನೂ ಬಿಟ್ಟುಕೊಟ್ಟಿದ್ದೇವೆ ಎಂದಿತ್ತು. ಓದು ಬಾರದ ಹಿರಿಯರು ಅದರ ಕೆಳಗೆ ಒಂದು ಗುರುತು ಹಾಕಿದರು. ಅವರಿಗೆ ಅಂಗಿ, ಬಾವುಟ, ಪದಕ ಸಿಕ್ಕಿತು. ಈ ಮಾತು ಸೂರ್ಯ ಇರುವವರೆಗೆ, ನೀರು ಹರಿಯುವವರೆಗೆ ಎಂದು ರಾಣಿಯ ಕಡೆಯವರು ಬಾಯಲ್ಲಿ ಹೇಳಿದರಂತೆ. ನಮ್ಮ ಕಡೆಯ ಹಳೆ ಪತ್ರಗಳಲ್ಲೂ ಆಚಂದ್ರಾರ್ಕ ಎಂದು ಉಂಟು. ಸೂರ್ಯನಾಗಲಿ ಚಂದ್ರನಾಗಲಿ ಸಾಕ್ಷಿ ಹೇಳಲಿಕ್ಕೆ ಕೋರ್ಟಿಗೆ ಬಂದದ್ದನ್ನು ನಾನಂತೂ ಕಂಡಿಲ್ಲ.

ಇವರೆಂತ ಪೆದ್ದರು ಮಾರಾಯ್ತಿ ಎಂದು ನಾನು ನಕ್ಕೆ. ನಗುವಾಗ ನನ್ನ ಬೆನ್ನ ಹಿಂದಿನ ಕಪಾಟಿನಲ್ಲಿ ನನ್ನದೇ ಒಂದು ಕಾಗದ ಇತ್ತು.

ಅದನ್ನು ಕಳಿಸಿದ್ದು ಬಂಟ್ವಾಳದ ಕಡೆ ನಮ್ಮ ತವರುಮನೆಯಲ್ಲಿರುವ ನನ್ನ ತಮ್ಮ ವಸಂತ. ಅಪ್ಪನ ಜಾಗದಲ್ಲಿ ನನ್ನ ಪಾಲಿನ ಹಕ್ಕನ್ನು ಬಿಟ್ಟುಕೊಡುವ ಪತ್ರ. ಇಲ್ಲಿನ ನಮ್ಮ ಕಾನ್ಸುಲೇಟಿನಲ್ಲಿ ಅಧಿಕಾರಿಯ ಎದುರು ಹೆಬ್ಬೆಟ್ಟು ಒತ್ತಿ, ಮೊಹರು ಹಾಕಿಸಿ ಕಳಿಸಬೇಕು. ರಜೆ ಮುಗಿಸಿ ಬಂದವರೊಬ್ಬರ ಕೈಯಲ್ಲಿ ಬಂತು. ಜೊತೆಗೆ ಒಂದು ಸೀರೆ, ಎರಡು ಕಟ್ಟು ಹಲಸಿನ ಹಪ್ಪಳ. ನನ್ನ ಇಬ್ಬರು ತಂಗಿಯಂದಿರೂ ಆಗಲೇ ಸಹಿ ಹಾಕಿಯಾಗಿತ್ತು. ಅವರಿಗೂ ಒಂದೊಂದು ಸೀರೆ. ನಮ್ಮಲ್ಲಿ ಅದು ಹಾಗೆಯೇ. ಪಾಲು ಕೇಳಿದ ಹೆಣ್ಣಿಗೆ ತವರು ಇಲ್ಲ, ಪಾಲು ಬಿಟ್ಟವಳಿಗೆ ಹಬ್ಬಕ್ಕೆ ಕರೆ, ಹೋಗುವಾಗ ಕುಂಕುಮ, ತಲೆಗೆ ಹೂ. ಇದನ್ನು ಯಾರೂ ಎಲ್ಲೂ ಬರೆದಿಟ್ಟಿಲ್ಲ. ಬರೆಯುವುದೇನಿದ್ದರೂ ನಾವು ಬಿಟ್ಟುಕೊಡುವುದನ್ನು ಮಾತ್ರ.

ಬೇರೆ ಸಮಯವಾಗಿದ್ದರೆ ನಾನೂ ಒತ್ತಿ, ಹಪ್ಪಳ ಕರಿದು ತಿನ್ನುತ್ತಿದ್ದೆ. ಆದರೆ ಆ ವರ್ಷ ಇಲ್ಲಿ ಇಕಾಮಾದಲ್ಲಿ, ಅಂದರೆ ವಾಸದ ಪರವಾನಗಿಯಲ್ಲಿ, ಹೆಸರಿರುವ ಮನೆಮಂದಿಯ ತಲೆಗಿಷ್ಟು ಎಂದು ಸರ್ಕಾರದ ಶುಲ್ಕ ಶುರುವಾಗಿತ್ತು. ಒಬ್ಬೊಬ್ಬರೇ ಹೆಂಡತಿ ಮಕ್ಕಳನ್ನು ಊರಿಗೆ ಕಳಿಸುತ್ತಿದ್ದರು. ನಮ್ಮ ಮನೆಯಲ್ಲಿ ಮೊದಲು ಹೋಗುವ ತಲೆ ಯಾವುದೆಂದು ಅಳಿಯ ಹೇಳಲಿಲ್ಲ. ಅವನು ಒಳ್ಳೆಯವನು, ಅದಕ್ಕೇ ಹೇಳಲಿಲ್ಲ. ನನಗೆ ಊರಲ್ಲಿ ಎಂತ ಉಂಟು? ಗಂಡ ಬಾಡಿಗೆ ಮನೆಯಲ್ಲೇ ಬಾಳಿ, ಬಾಡಿಗೆ ಮನೆಯಲ್ಲೇ ಸತ್ತ. ಉಳಿದದ್ದು ತವರಿನ ಹಿಂದಿನ ಕೋಣೆ. ಮದುವೆಗೆ ಮೊದಲು ನಾನು ಬೀಡಿ ಕಟ್ಟುತ್ತಿದ್ದ ಕೋಣೆ.

ಬೀಡಿ ಎಂದಾಗ ನೆನಪಾಯಿತು. ಮದುವೆಗೆ ಮೊದಲೂ ಆಮೇಲೂ ಸೇರಿ ನಲವತ್ತು ವರ್ಷ ಎಲೆ ಸುತ್ತಿ ಸುತ್ತಿ ನನ್ನ ಹೆಬ್ಬೆಟ್ಟಿನ ಗೆರೆಗಳೆಲ್ಲ ಸವೆದು ಹೋಗಿವೆ. ಇಲ್ಲಿಗೆ ಬಂದ ದಿನ ಏರ್‌ಪೋರ್ಟಿನ ಯಂತ್ರ ನನ್ನ ಬೆರಳನ್ನು ಒಪ್ಪಲೇ ಇಲ್ಲ. ಅಧಿಕಾರಿ ಒರೆಸಿದ, ಒತ್ತಿದ, ಬೇಗ ಬೇಗ ಎಂಬಂತೆ ಯಲ್ಲಾ ಯಲ್ಲಾ ಎಂದ, ಕಡೆಗೆ ನನ್ನ ಮುಖವನ್ನೇ ನೋಡಿ ಬಿಟ್ಟ. ಇಷ್ಟು ದೊಡ್ಡ ಸರ್ಕಾರಕ್ಕೆ ಬೇಡದ ಹೆಬ್ಬೆಟ್ಟು ನನ್ನ ತಮ್ಮನಿಗೆ ಬೇಕಾಗಿತ್ತು. ಮೂರನೇ ಕ್ಲಾಸಿನವರೆಗೆ ಓದಿದ್ದೇನೆ, ಹೆಸರು ಬರೆಯುತ್ತೇನೆ ಎಂದರೂ ಅವನು ಕೇಳಲಿಲ್ಲ. ಒತ್ತಿದರೆ ಬೇಗ ಮುಗಿಯುತ್ತದಂತೆ.

ಗುರುವಾರ ಕಾನ್ಸುಲೇಟಿಗೆ ಹೋಗುವುದೆಂದು ಅಳಿಯ ಹೊತ್ತು ಗೊತ್ತು ಮಾಡಿದ್ದ. ಬುಧವಾರ ಮಧ್ಯಾಹ್ನ ನಾನು ಕಪಾಟಿನಿಂದ ಕಾಗದ ತೆಗೆದು ಶ್ರಾವ್ಯಳ ಮುಂದೆ ಇಟ್ಟೆ. ಕಾನ್ಸುಲೇಟಿಗೆಂದು ಇಂಗ್ಲಿಷಿನಲ್ಲೇ ಬರೆಸಿದ್ದರು. ಮನೆ ನಿನ್ನದೇ, ಯಾವಾಗ ಬೇಕಾದರೂ ಬಂದಿರು ಎಂದು ವಸಂತ ಫೋನಿನಲ್ಲಿ ಹೇಳಿದ್ದಾನೆ, ಅದು ಯಾವ ಸಾಲಿನಲ್ಲಿದೆ ತೋರಿಸು ಎಂದೆ. ಅವಳು ಬೆರಳಿಟ್ಟು ಮೇಲಿನಿಂದ ಕೆಳಗೆ ಓದಿದಳು. ಮತ್ತೆ ಒಮ್ಮೆ ಓದಿದಳು.

“ಅಜ್ಜಿ, ಅದು ಇದರಲ್ಲಿ ಎಲ್ಲೂ ಇಲ್ಲ.”

ನಾನು ಆ ಹಿರಿಯರನ್ನು ಪೆದ್ದರು ಎಂದದ್ದನ್ನು ವಾಪಸ್ ತೆಗೆದುಕೊಂಡೆ. ಅವರು ಪೆದ್ದರಲ್ಲ. ಮಾತು ಕೊಟ್ಟರೆ ಕೊಟ್ಟಂತೆ ಎನ್ನುವ ಕಡೆಯಿಂದ ಬಂದವರು ಮಾತು ನಂಬಿದರು, ಅಷ್ಟೆ. ಅದರಲ್ಲಿ ನಾಚಿಕೆಪಡಬೇಕಾದವರು ನಂಬಿದವರಲ್ಲ. ಹಾಗೆಂದು ವಸಂತ ಕಳ್ಳನೂ ಅಲ್ಲ. ಹೇಳುವಾಗ ಮನಸ್ಸಿನಿಂದಲೇ ಹೇಳಿದ್ದಾನೆ. ಆದರೆ ಅವನ ಮನಸ್ಸು ಅವನ ಜೊತೆ ಹೋಗುತ್ತದೆ, ಕಾಗದ ಅವನ ಮಗನ ಕೈಗೆ ಹೋಗುತ್ತದೆ. ಆ ಮಗ ನನ್ನನ್ನು ನೋಡಿದ್ದು ಎರಡು ಸಲ, ಎರಡು ಸಲವೂ ಮೊಬೈಲಿನಿಂದ ತಲೆ ಎತ್ತಿರಲಿಲ್ಲ.

ಫೋನ್ ಮಾಡಿದೆ. ಹಿಂದಿನ ಕೋಣೆ, ಬಾವಿಗೆ ಹೋಗುವ ದಾರಿ, ಬಚ್ಚಲು, ಈ ಮೂರನ್ನು ಬರೆಸು, ಉಳಿದದ್ದೆಲ್ಲ ನೀನೇ ಇಟ್ಟುಕೋ, ಒತ್ತುತ್ತೇನೆ ಎಂದೆ.

“ಅಕ್ಕಾ, ನಿನ್ನ ತಲೆಯಲ್ಲಿ ಯಾರು ಇದನ್ನೆಲ್ಲ ತುಂಬಿಸಿದ್ದು?”

“ಕೆನಡಾದವರು,” ಎಂದೆ.

ಅವನಿಗೆ ತಮಾಷೆ ಅನಿಸಲಿಲ್ಲ. ತವರನ್ನು ನೀನೇ ಕಳಕೊಳ್ಳುತ್ತೀ ಎಂದು ಫೋನ್ ಇಟ್ಟುಬಿಟ್ಟ. ಗುರುವಾರ ನಾನು ಕಾನ್ಸುಲೇಟಿಗೆ ಹೋಗಲಿಲ್ಲ. ಮಗಳು ಎರಡು ದಿನ ಮುಖ ಊದಿಸಿಕೊಂಡಳು, ಅಳಿಯ ಯಾರ ಪಕ್ಷವೂ ಅಲ್ಲ ಎಂದು ಟಿವಿ ನೋಡಿದ. ಕಿರಿಯ ತಂಗಿ ಲೀಲಾ ಫೋನ್ ಮಾಡಿ, ಸಾಯುವ ಕಾಲಕ್ಕೆ ನಿನಗೆ ಕೋಣೆಯ ಚಪಲ ಎಂದು ಬೈದಳು. ಸಾಯಲಿಕ್ಕೂ ಒಂದು ಕೋಣೆ ಬೇಕಲ್ಲ ಎಂದೆ. ನಿಜ ಹೇಳಬೇಕೆಂದರೆ ಆ ದಿನಗಳಲ್ಲಿ ನನಗೂ ಹೆದರಿಕೆ ಇತ್ತು. ಕೋಣೆಯೂ ಇಲ್ಲ, ತಮ್ಮನೂ ಇಲ್ಲ ಎಂದಾದರೆ ಎಂತ ಮಾಡುವುದು? ಆದರೆ ಹೆದರಿಕೆಗೆ ಒತ್ತಿಕೊಟ್ಟದ್ದನ್ನು ಯಾರೂ ಒಪ್ಪಂದ ಎನ್ನುವುದಿಲ್ಲ.

ಒಂದು ತಿಂಗಳಾದ ಮೇಲೆ ಹೊಸ ಪತ್ರ ಬಂತು. ಈ ಸಲ ಸೀರೆ ಇಲ್ಲ, ಹಪ್ಪಳ ಇಲ್ಲ. ಕೋಣೆ, ದಾರಿ, ಬಚ್ಚಲು ಮೂರೂ ಇದ್ದವು, ನಾನು ಬದುಕಿರುವವರೆಗೆ. ಶ್ರಾವ್ಯ ಎರಡು ಸಲ ಓದಿ ಸರಿ ಇದೆ ಎಂದಳು. ಅದೇ ಸಂಜೆ ಲೀಲಾ ಮತ್ತೆ ಫೋನ್ ಮಾಡಿದಳು. ಬೈಯಲಿಲ್ಲ. ಜಿದ್ದಾದಲ್ಲಿ ಸೆಕೆ ಹೇಗೆ, ಮಂಡಿನೋವು ಹೇಗೆ ಎಂದು ಸುತ್ತಿ ಬಳಸಿ, ಕಡೆಗೆ ದನಿ ಇಳಿಸಿ ಕೇಳಿದಳು.

“ಅಕ್ಕಾ, ಆ ಕೋಣೆಯಲ್ಲಿ ಎರಡು ಚಾಪೆ ಹಿಡಿಯುತ್ತದಾ?”

ಮಗನ ಮನೆಯಲ್ಲಿ ಸೊಸೆಯ ಜೊತೆ ಅವಳ ದಿನ ಹೇಗೆ ಎಂದು ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಹಿಡಿಯುತ್ತದೆ, ಆದರೆ ನನ್ನ ಬಾಯಿಮಾತನ್ನು ನೀನು ನಂಬಬೇಡ ಎಂದೆ. ಮಾರನೆಯ ದಿನ ಪತ್ರವನ್ನು ಒತ್ತದೆಯೇ ವಸಂತನಿಗೆ ತಿರುಗಿ ಕಳಿಸಿದೆ. ಲೀಲಾಳ ಹೆಸರಿನ ಒಂದು ಸಾಲು ಸೇರಬೇಕು.